ನೀಲಿಯಾಗದ ಕಣಗಳು

ಪುನೀತನನ್ನು ನೋಡುವ ಮೊದಲೇ ಸುಮನಾ ಅವನ ರಕ್ತವನ್ನು ನೋಡಿದ್ದಳು.

ಅದು ಎರಡು ಸಾವಿರದ ಆರರ ಮಳೆಗಾಲ. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಅವಳು ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದಳು. ರೋಗಾಣು ಮೈಯೊಳಗೆ ಹೊಕ್ಕಾಗ ಬಿಳಿ ರಕ್ತಕಣಗಳು ಅದನ್ನು ಹೇಗೆ ಹಿಡಿಯುತ್ತವೆ, ಹಿಡಿದ ಮೇಲೆ ಹೇಗೆ ಕೊಲ್ಲುತ್ತವೆ ಅನ್ನುವುದು ಅವಳ ವಿಷಯ. ಊರು ರಾಮನಗರ. ಅಪ್ಪ ನರಸಯ್ಯ ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೌಕರ. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ, "ಡಾಕ್ಟ್ರೇಯ, ಆದ್ರೆ ಔಷ್ದ ಕೊಡೋ ಡಾಕ್ಟ್ರಲ್ಲ" ಎಂದು ನಗುತ್ತಿದ್ದರು.

ಮಕ್ಕಳ ಆಸ್ಪತ್ರೆಯ ಡಾ. ಇಸ್ಮತ್ ಒಂದು ಬೆಳಿಗ್ಗೆ ಅವಳಿಗೆ ಫೋನ್ ಮಾಡಿದರು. "ಮಾಗಡಿ ಕಡೆಯ ಹುಡುಗ, ನಾಲ್ಕು ವರ್ಷ. ಹುಟ್ಟಿದಾಗ ಬಿಸಿಜಿ ಲಸಿಕೆ ಚುಚ್ಚಿಸಿದ ಕೈಯ ಕಂಕುಳಲ್ಲಿ ಗಂಟಾಗಿ, ಒಡೆದು, ತಿಂಗಳುಗಟ್ಟಲೆ ಸೋರಿದೆ. ಆಮೇಲೆ ಕಿವಿಯ ಹಿಂದೆ ಕುರು, ಕುತ್ತಿಗೆಯಲ್ಲಿ ಕುರು. ಈಗ ಲಿವರ್‌ನಲ್ಲೇ ಕೀವು ಕಟ್ಟಿದೆ. ಬಿಳಿ ಕಣಗಳು ಕಡಿಮೆ ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ನೀನು ಒಂದು ಸಲ ನೋಡ್ತೀಯಾ?"

ಸುಮನಾ ಕೂಡಲೇ ಒಪ್ಪಿದಳು. ಇಂಥದ್ದನ್ನು ಅವಳು ಓದಿದ್ದಳೇ ಹೊರತು ಕಂಡಿರಲಿಲ್ಲ.

ಪರೀಕ್ಷೆ ಸರಳವಾದದ್ದು. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಇಟ್ಟು, ಬಿಳಿ ಕಣಗಳು ಗಾಜಿಗೆ ಅಂಟಿದ ಮೇಲೆ ರೋಗಾಣು ಬೆರೆಸಿದ ತೆಳು ಹಳದಿ ಬಣ್ಣದ ಒಂದು ದ್ರಾವಣ ಹಾಕುತ್ತಾರೆ. ಆರೋಗ್ಯವಾಗಿರುವ ಕಣ ರೋಗಾಣುವನ್ನು ನುಂಗಿದ ಕೂಡಲೇ ತನ್ನೊಳಗೆ ಒಂದು ವಿಷವನ್ನು ಉಕ್ಕಿಸಿ ಅದನ್ನು ಸುಡುತ್ತದೆ. ಆ ವಿಷ ತಾಗಿದರೆ ಹಳದಿ ದ್ರಾವಣ ಕಡುನೀಲಿಯಾಗುತ್ತದೆ. ಹೋಲಿಕೆಗೆಂದು ಸುಮನಾ ತನ್ನ ರಕ್ತದ್ದೇ ಒಂದು ಪಟ್ಟಿ ಮಾಡಿ ಪಕ್ಕದಲ್ಲಿಟ್ಟಳು. ಸೂಕ್ಷ್ಮದರ್ಶಕದ ಕೆಳಗೆ ಅವಳ ಕಣಗಳು ಶಾಯಿ ಚೆಲ್ಲಿದ ಹಾಗೆ ನೀಲಿಯಾಗಿದ್ದವು. ಹುಡುಗನ ಪಟ್ಟಿಯಲ್ಲಿ ಕಣಗಳಿದ್ದವು, ಅವು ರೋಗಾಣುಗಳನ್ನು ನುಂಗಿಯೂ ಇದ್ದವು. ಆದರೆ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಸರಿಸಿದರೂ ನೀಲಿಯಾದ ಕಣ ಒಂದೂ ಸಿಗಲಿಲ್ಲ.

ಹುಡುಗನ ತಾಯಿಯ ರಕ್ತವನ್ನೂ ಡಾ. ಇಸ್ಮತ್ ಕಳಿಸಿದ್ದರು. ಅದರಲ್ಲಿ ಕಣಗಳು ಬೆರಕೆಯಾಗಿದ್ದವು. ಸುಮಾರು ಅರ್ಧ ನೀಲಿ, ಇನ್ನರ್ಧ ಬಿಳಿಚಿಕೊಂಡವು. ದೋಷ ಎಲ್ಲಿಂದ ಬಂತು ಅನ್ನುವುದು ಅಲ್ಲಿಗೇ ತಿಳಿದುಹೋಯಿತು. ಅವಳ ಪ್ರೊಫೆಸರ್ ಕಣ್ಣಿಟ್ಟು ನೋಡಿ, "ಎಷ್ಟು ಚೆನ್ನಾಗಿ ಬಂದಿದೆ! ಪಾಠದ ಪುಸ್ತಕಕ್ಕೆ ಹಾಕಬಹುದು" ಎಂದರು. ಸುಮನಾಗೂ ಹಾಗೇ ಅನ್ನಿಸಿತ್ತು. ಆವತ್ತು ಮಧ್ಯಾಹ್ನ ಅವಳು ಖುಷಿಯಲ್ಲೇ ಊಟ ಮಾಡಿದಳು.

ಮಾರನೆಯ ವಾರ ಆಸ್ಪತ್ರೆಗೆ ಹೋದಾಗ ಆ ಹುಡುಗ ಮಂಚದ ಮೇಲೆ ಕೂತು ಇಡ್ಲಿಯನ್ನು ಪುಡಿಪುಡಿ ಮಾಡುತ್ತಿದ್ದ. ಹೊಟ್ಟೆಯಿಂದ ಒಂದು ನಳಿಕೆ ಹೊರಬಂದಿತ್ತು. ಪಕ್ಕದಲ್ಲಿ ತಾಯಿ ಲತಾಮಣಿ ನಿಂತಿದ್ದಳು. ಇಪ್ಪತ್ತೈದೂ ತುಂಬದ ಹೆಂಗಸು. ಸುಮನಾಳನ್ನು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು, "ಇವರೇನಾ ರಕ್ತ ನೋಡ್ದೋರು?" ಎಂದು ನರ್ಸನ್ನು ಕೇಳಿದಳು.

ಹುಡುಗ ತಲೆಯೆತ್ತಿ, "ನನ್ ರಕ್ತ ವಾಪಸ್ ಕೊಡ್ತೀಯಾ?" ಅಂದ.

ಲತಾಮಣಿ ನಕ್ಕು ಮಗನ ತಲೆ ಸವರಿದಳು. ಆವತ್ತಿನಿಂದ ಅವನ ಬಾಯಲ್ಲಿ ಸುಮನಾ 'ರಕ್ತದಕ್ಕ' ಆದಳು.

ಹುಡುಗ ಚೇತರಿಸಿಕೊಂಡು ಊರಿಗೆ ಹೋದ ಮೇಲೆ ಡಾ. ಇಸ್ಮತ್, "ನೀನೂ ಆ ಕಡೆಯವಳೇ. ಒಂದು ಸಲ ಹೋಗಿ ಮನೆ ನೋಡಿ ಬಾ. ಅಜ್ಜಿಯ ರಕ್ತವೂ ಬೇಕು. ಏನು ಮಾಡಬಾರದು ಅಂತ ಅವರಿಗೆ ಅರ್ಥವಾಗೋ ಹಾಗೆ ಹೇಳು" ಎಂದರು.

ಕುದೂರಿನಲ್ಲಿ ಬಸ್ಸಿಳಿದು, ಆಟೋ ಹಿಡಿದು ಅವಳು ಆ ಊರಿಗೆ ಹೋದಳು. ಮನೆ ಚೊಕ್ಕಟವಾಗಿತ್ತು. ಹಿಂದೆ ರೇಷ್ಮೆಹುಳು ಸಾಕುವ ಕೋಣೆ, ಅದರಾಚೆ ರಾಗಿಹುಲ್ಲಿನ ಮೆದೆ, ಅದರಾಚೆ ತಿಪ್ಪೆ. ಪುನೀತ ಹುಲ್ಲಿನ ಮೇಲಿಂದ ಜಾರಿ ಆಡುತ್ತಿದ್ದ. ಸುಮನಾಳ ಕಾಲು ಅಲ್ಲೇ ನಿಂತುಹೋಯಿತು.

ಮನೆಯ ಯಜಮಾನಿ ಲತಾಮಣಿಯ ತಾಯಿ ಕೆಂಚಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಗಂಡುಮಕ್ಕಳು ಇಲ್ಲದ ಮನೆಯೆಂದು ಲತಾಮಣಿಯ ಗಂಡ ಜಯಕುಮಾರ್ ಇಲ್ಲಿಗೇ ಬಂದು ಹೊಲ, ಹುಳು ನೋಡಿಕೊಳ್ಳುತ್ತಿದ್ದ. ಚಿಕ್ಕ ಮಗಳು ನವ್ಯಶ್ರೀ ಕುದೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು.

ಕಾಫಿ ಕುಡಿಯುತ್ತಾ ಸುಮನಾ ಹೇಳತೊಡಗಿದಳು. ಹುಡುಗನಿಗೆ ಎರಡು ಮಾತ್ರೆ ದಿನಾ ಕೊಡಬೇಕು, ಒಂದು ಕೀವಾಗದಂತೆ, ಇನ್ನೊಂದು ಬೂಷ್ಟು ಹಿಡಿಯದಂತೆ. ಹುಲ್ಲಿನ ಹತ್ತಿರ ಬಿಡಬಾರದು. ತಿಪ್ಪೆ, ಒದ್ದೆ ಮಣ್ಣು, ಹುಳು ತಿಂದು ಬಿಟ್ಟ ಕಡ್ಡಿ, ಹಿಕ್ಕೆ, ಯಾವುದೂ ಆಗದು.

"ಹುಳಕ್ಕೆ ಸುಣ್ಣಕಟ್ಟು ಬತ್ತದಲ್ಲ, ಬೆಳ್ಳಗೆ ಬೂಷ್ಟು ಹಿಡ್ಕಂಡು ಸೆಟ್ಕತದೆ, ಅಂಗಾ ಮೇಡಂ?" ಜಯಕುಮಾರ್ ಕೇಳಿದ.

"ಬೇರೆ ಬೂಷ್ಟು. ಆದ್ರೆ ಬೂಷ್ಟೇ. ನಾವೆಲ್ಲ ದಿನಾ ಉಸಿರಿನ ಜೊತೆ ಎಳ್ಕೊತಾನೇ ಇರ್ತೀವಿ. ನಮ್ಮ ರಕ್ತದ ಕಣಗಳು ಕೊಂದು ಬಿಸಾಕ್ತವೆ. ಇವನ ಕಣಗಳು ಹಿಡಿತವೆ, ಕೊಲ್ಲಕ್ಕಾಗಲ್ಲ."

"ಉಲ್ಲು ಮುಟ್ಬ್ಯಾಡ, ಮಣ್ಣು ಮುಟ್ಬ್ಯಾಡ ಅಂದ್ರೆ ಒಕ್ಕಲುಮಕ್ಳು ಎಲ್ಲಿ ಬಾಳಾದವ್ವ?" ಎಂದಳು ಕೆಂಚಮ್ಮ. ಅದು ಆಕ್ಷೇಪಣೆಯಾಗಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದಳು.

ಆಮೇಲೆ ಅವಳೇ ಮೆಲ್ಲಗೆ ಮಾತು ತೆಗೆದಳು. "ನಂಗೂ ಒಬ್ಬ ಮಗ ಇದ್ದ. ಮನೋಹರ್ ಅಂತ. ಲತಂಗಿಂತ ದೊಡ್ಡೋನು. ಅವನ್ಗೂವೆ ಮೈಯೆಲ್ಲ ಕುರು ಏಳದು. ಒಂದು ಆರೋದ್ರೊಳ್ಗೆ ಇನ್ನೊಂದು. ಕೊನೇಗೆ ಕೆಮ್ಮು ಬಂದು, ಎದೆ ಕಟ್ಕಂಡು ಓಗ್ಬುಟ್ಟ. ಅದೂ ಇದೇಯಾ?"

"ಅವನ ರಕ್ತ ನೋಡಿಲ್ಲಮ್ಮ, ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ಇದೇ ಇರ್ಬೋದು."

"ಲಿಂಗಯ್ಯ ಕಾಂಪೌಂಡರು ಕುರು ಕುಯ್ದಿದ್ದ. ಅವನ ಕೈಯಿಂದ್ಲೇ ನಂಜಾಯ್ತು ಅಂತ ಅವನ ಬಾಗ್ಲಿಗೋಗಿ ಮಣ್ಣು ತೂರಿ ಬಂದೆ ಕಣವ್ವ. ಪಾಪ, ಅವನೇನ್ ಮಾಡಿದ್ದ." ಆಮೇಲೆ ಕೇಳಿದಳು: "ಅಂಗಾರೆ ಯಾರಿಂದ ಬಂತು ಇದು?"

ಸುಮನಾ ಈ ಪ್ರಶ್ನೆಗೆ ತಯಾರಾಗಿಯೇ ಬಂದಿದ್ದಳು. ಯಾರ ತಪ್ಪೂ ಅಲ್ಲ ಎಂದು ಶುರುಮಾಡಿದಳು. ಕಣಗಳಿಗೆ ಕೊಲ್ಲುವುದನ್ನು ಕಲಿಸುವ ಜೀನ್‌ನ ಎರಡು ಪ್ರತಿ ತಾಯಿಯಲ್ಲಿ ಇರುತ್ತವೆ, ಒಂದು ಕೆಟ್ಟಿದ್ದರೂ ಇನ್ನೊಂದು ಕಾಯುತ್ತದೆ, ಗಂಡುಮಗುವಿಗೆ ಒಂದೇ ಇರುವುದರಿಂದ ಅದು ಕೆಟ್ಟಿದ್ದರೆ ಕಾಯುವುದಕ್ಕೆ ಬೇರೆ ಇಲ್ಲ ಎಂದು ವಿವರಿಸಿದಳು. ಎಷ್ಟು ಮೆತ್ತಗೆ ಹೇಳಿದರೂ ಮಾತು ಹೋಗಿ ನಿಲ್ಲುವ ಜಾಗ ಒಂದೇ ಆಗಿತ್ತು.

"ಅಂದ್ರೆ ನನ್ನಿಂದ ಇವಳ್ಗೆ. ಇವಳಿಂದ ಅವನ್ಗೆ" ಎಂದಳು ಕೆಂಚಮ್ಮ.

ಬಾಗಿಲಲ್ಲಿ ನಿಂತಿದ್ದ ಲತಾಮಣಿ ಹೊರಗೆ ಹೋಗಿ ಹುಲ್ಲಿನ ಮೇಲಿಂದ ಮಗನನ್ನು ಎತ್ತಿಕೊಂಡು ಬಂದಳು. ಕಾಲು ತೊಳೆದಳು, ಕೈ ತೊಳೆದಳು, ಮತ್ತೆ ಕಾಲು ತೊಳೆದಳು.

ಜಯಕುಮಾರ್ ಸುಮನಾಳನ್ನು ಆಟೋದವರೆಗೆ ಬಿಡಲು ಬಂದ. "ಮೇಡಂ, ಇದ್ರಲ್ಲಿ ನಂದು ಏನೂ ಇಲ್ವಾ?" ಎಂದು ಕೇಳಿದ.

"ಇಲ್ಲ. ನಿಮ್ಮಿಂದ ಬಂದಿದ್ದಲ್ಲ."

"ನಂದೂ ಒಸಿ ಇದ್ದಿದ್ರೆ ಚೆಂದಾಗಿತ್ತು" ಎಂದ ಅವನು. "ಅವಳೊಬ್ಳೇ ಒತ್ಕೋಬೇಕಲ್ಲ."

ಬಸ್ಸಿನಲ್ಲಿ ಕೂತಾಗ ಸುಮನಾಳ ಚೀಲದಲ್ಲಿ ಕೆಂಚಮ್ಮನ ರಕ್ತದ ಪುಟ್ಟ ಸೀಸೆ ಇತ್ತು. ಅದರಲ್ಲಿ ಏನು ಕಾಣುತ್ತದೆ ಎಂದು ನೋಡದೆಯೇ ಹೇಳಬಹುದಿತ್ತು. ಮಾರನೆಯ ದಿನ ನೋಡಿದಾಗ ಅದೇ ಅರ್ಧ ನೀಲಿ, ಅರ್ಧ ಬಿಳಿಚಿಕೊಂಡ ಕಣಗಳು ಕಂಡವು.

ಅಸ್ಥಿಮಜ್ಜೆ ಬದಲಾಯಿಸಿದರೆ ಗುಣವಾಗಬಹುದು ಎಂದು ಡಾ. ಇಸ್ಮತ್ ಹೇಳಿದ್ದರು. ಅದಕ್ಕೆ ಹೊಂದುವ ಒಡಹುಟ್ಟಿದವರು ಬೇಕು. ಪುನೀತನಿಗೆ ಒಡಹುಟ್ಟಿದವರು ಇರಲಿಲ್ಲ. ಇನ್ನೊಂದು ಮಗು ಮಾಡಿಕೊಂಡರೆ ಅದಕ್ಕೂ ಇದೇ ಬರಬಹುದು. ಬರದಿದ್ದರೂ ಮಜ್ಜೆ ಹೊಂದದಿರಬಹುದು. ಈ ಲೆಕ್ಕಾಚಾರವನ್ನು ಲತಾಮಣಿ ಪೂರ್ತಿ ಕೇಳಿಸಿಕೊಂಡು, "ಒಬ್ಬನ್ನ ಉಳಿಸ್ಕಳಕ್ಕೆ ಇನ್ನೊಬ್ಬನ್ನ ಎರೋದಾ" ಎಂದು ಮಾತು ಮುಗಿಸಿದ್ದಳು.

ಆ ವರ್ಷದ ರೇಷ್ಮೆಗೂಡು ಬಿಡಿಸಿ ಮಾರಿದ ಮೇಲೆ ಜಯಕುಮಾರ್ ಒಂದು ತೀರ್ಮಾನಕ್ಕೆ ಬಂದ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಹೊಸ ಹೊಸ ಕಾರ್ಖಾನೆ ಏಳುತ್ತಿದ್ದವು. ಕಾರಿನ ಬಿಡಿಭಾಗ ಮಾಡುವ ಒಂದರಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಸಿಕ್ಕಿತು. ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಹೆಂಡತಿ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋದ. ಆರ್‌ಸಿಸಿ ಮನೆ, ಸಿಮೆಂಟಿನ ನೆಲ. ಸುತ್ತ ಹುಲ್ಲಿಲ್ಲ, ತಿಪ್ಪೆಯಿಲ್ಲ, ದನವಿಲ್ಲ. "ನೀವ್ ಏಳಿದ್ದೆಲ್ಲ ಇಲ್ಲಿ ಇಲ್ಲ ನೋಡಿ ಮೇಡಂ" ಎಂದು ಅವನು ಸುಮನಾಗೆ ಫೋನಿನಲ್ಲಿ ಹೇಳಿದಾಗ ಅವನ ಧ್ವನಿಯಲ್ಲಿ ಸಂತೋಷವಿತ್ತು.

ಅಲ್ಲಿಂದ ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯದಾಗಿಯೇ ಕಳೆಯಿತು. ಶನಿವಾರ ರಾಮನಗರಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಿಂದ ಸುಮನಾ ಆಗಾಗ ಬಿಡದಿಯಲ್ಲಿ ಇಳಿದು ಅವರ ಮನೆಗೆ ಹೋಗುತ್ತಿದ್ದಳು. ಮೊದಮೊದಲು ರಕ್ತ ತೆಗೆದುಕೊಳ್ಳುವ ನೆಪವಿತ್ತು, ಆಮೇಲೆ ಅದೂ ಬೇಕಾಗಲಿಲ್ಲ. ಲತಾಮಣಿ ನೆಲವನ್ನು ದಿನಕ್ಕೆರಡು ಬಾರಿ ಒರೆಸುತ್ತಿದ್ದಳು. ಚಪ್ಪಲಿ ಹೊಸ್ತಿಲು ದಾಟುವಂತಿರಲಿಲ್ಲ. ಪುನೀತ ಅಪ್ಪ ತಂದುಕೊಟ್ಟ ನಟ್ಟು ಬೋಲ್ಟುಗಳನ್ನು ಸಾಲಾಗಿ ಜೋಡಿಸಿ ರೈಲು ಮಾಡುತ್ತಿದ್ದ. ಗಲ್ಲ ತುಂಬಿಕೊಂಡಿತ್ತು. ಎಲ್‌ಕೆಜಿಗೆ ಹೋಗಿ ಹಾಡು ಕಲಿತು ಬಂದ. ಕುರು ಏಳಲಿಲ್ಲ.

ಒಂದು ದಿನ ಅವನು ಕೇಳಿದ: "ರಕ್ತದಕ್ಕ, ನನ್ ರಕ್ತ ನಿಮ್ ಆಫೀಸ್ನಾಗೆ ಏನ್ ಮಾಡ್ತೈತೆ?"

"ನನಗೆ ಪಾಠ ಹೇಳ್ಕೊಡ್ತೈತೆ."

"ಹೊಡಿತದಾ?"

"ಒಂದೊಂದ್ ಸಲ."

ಅವನಿಗೆ ಅದು ಬಹಳ ಇಷ್ಟವಾಯಿತು. ಬಂದವರಿಗೆಲ್ಲ ಹೇಳಿದ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವರ ಮನೆಯ ಹಿಂದಿದ್ದ ಹಳೆಯ ರೈಸ್ ಮಿಲ್ಲನ್ನು ಕೆಡವಲು ಶುರುಮಾಡಿದರು. ಎಷ್ಟೋ ವರ್ಷದಿಂದ ಮುಚ್ಚಿ ಹಾಳು ಬಿದ್ದಿದ್ದ ಮಿಲ್ಲು. ಒಳಗೆ ಬೂಷ್ಟು ಹಿಡಿದು ಕೊಳೆತ ಹೊಟ್ಟು, ತೌಡು ರಾಶಿಬಿದ್ದಿತ್ತು. ಆ ಜಾಗದಲ್ಲಿ ಒಂದು ಫ್ಯಾಕ್ಟರಿಯ ಗೋಡೌನ್ ಬರುವುದಿತ್ತು. ಜೆಸಿಬಿ ಒಂದೇ ಏಟಿಗೆ ಗೋಡೆ ಉರುಳಿಸಿದಾಗ ಎದ್ದ ಧೂಳು ಬೀದಿಯನ್ನೇ ಮುಚ್ಚಿತು. ಆ ಹೊತ್ತಿಗೆ ಪುನೀತ ಶಾಲೆಯಿಂದ ಬಂದು ಬೀದಿಯಲ್ಲಿ ನಿಂತು ಜೆಸಿಬಿ ನೋಡುತ್ತಿದ್ದ. ಅಲ್ಲಿದ್ದ ಮಕ್ಕಳೆಲ್ಲ ನೋಡುತ್ತಿದ್ದರು.

ಲತಾಮಣಿ ಓಡಿಬಂದು ಅವನನ್ನು ಒಳಗೆ ಎಳೆದುಕೊಂಡಳು. ಕಿಟಕಿ ಮುಚ್ಚಿ, ಸೀರೆ ಒದ್ದೆ ಮಾಡಿ ಬಾಗಿಲ ಸಂದಿಗೆ ತುರುಕಿದಳು. ಆಮೇಲೆ ಸುಮನಾಗೆ ಫೋನ್ ಮಾಡಿದಳು.

"ಅಕ್ಕಾ, ಇಲ್ಲಿ ಉಲ್ಲಿಲ್ಲ, ಏನಿಲ್ಲ. ಬರೀ ಧೂಳು. ಗೋಡೆ ಕೆಡವ್ತಾವ್ರೆ. ಧೂಳಿಂದ ಏನಾದ್ರೂ ಆಯ್ತದಾ?"

ಸುಮನಾ ಕುರ್ಚಿಯಿಂದ ಎದ್ದು ನಿಂತಳು. "ಯಾವ ಗೋಡೆ? ಒಳಗೇನಿತ್ತು?" ಎಂದು ಕೇಳಿದಳು. ಹೇಳಿದ್ದನ್ನು ಕೇಳಿಸಿಕೊಂಡು, "ಈಗಲೇ ಬೇರೆ ಕಡೆ ಕರ್ಕೊಂಡು ಹೋಗಿ. ನಾಳೆ ಅನ್ಬೇಡಿ. ಬೆಳಿಗ್ಗೆ ಎದ್ದ ಕೂಡ್ಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ" ಎಂದಳು. ಮನೆ ಬದಲಾಯಿಸುವಾಗ ಅವಳು ಹುಲ್ಲನ್ನು ಯೋಚಿಸಿದ್ದಳು, ತಿಪ್ಪೆಯನ್ನು ಯೋಚಿಸಿದ್ದಳು. ಕಾರ್ಖಾನೆ ಏಳುವ ಊರಿನಲ್ಲಿ ಇವತ್ತಲ್ಲ ನಾಳೆ ಯಾವುದಾದರೂ ಹಳೆಯ ಗೋಡೆ ಬಿದ್ದೇ ಬೀಳುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಜಯಕುಮಾರ್ ಕೆಲಸದಿಂದ ಓಡಿಬಂದು, ಮಿಲ್ಲು ಕೆಡವಿಸುತ್ತಿದ್ದ ಕಂಟ್ರಾಕ್ಟರ್ ವೆಂಕಟಯ್ಯನ ಹತ್ತಿರ ಹೋದ. ವೆಂಕಟಯ್ಯ ಕೆಟ್ಟ ಮನುಷ್ಯನಾಗಿರಲಿಲ್ಲ. "ಮೊದ್ಲೇ ಒಂದ್ ಮಾತು ಏಳ್ಬಾರ್ದಾ ಮಾರಾಯ" ಎಂದು ಕೆಲಸ ನಿಲ್ಲಿಸಿ, ಟ್ಯಾಂಕರ್ ತರಿಸಿ ನೀರು ಹೊಡೆಸಿದ. ಅಷ್ಟರಲ್ಲಿ ಅರ್ಧ ಮಿಲ್ಲು ಬಿದ್ದಿತ್ತು. ಜಯಕುಮಾರನ ಜೊತೆ ಕೆಲಸ ಮಾಡುತ್ತಿದ್ದ ಚನ್ನಪಟ್ಟಣದ ಮುನಾವರ್, "ನಮ್ಮನೆ ಮೇಲ್ಗಡೆ ರೂಮು ಖಾಲಿ ಐತೆ, ನಡೀಲಾ" ಎಂದು ಅವತ್ತೇ ಅವರನ್ನು ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದಾಗ ಏನೂ ಕಾಣಲಿಲ್ಲ. ಔಷಧ ಹೆಚ್ಚಿಸಿ ಕಳಿಸಿದರು. ಪುನೀತ ಚನ್ನಪಟ್ಟಣದ ಮನೆಯ ಮಹಡಿಯಲ್ಲಿ ಬೋಲ್ಟಿನ ರೈಲು ಓಡಿಸಿದ. ಎಲ್ಲರೂ ಸ್ವಲ್ಪ ಉಸಿರು ಬಿಟ್ಟರು. ವಾರ ಕಳೆದ ಮೇಲೆ ಒಣ ಕೆಮ್ಮು ಬಂತು. ಅದರ ಬೆನ್ನಿಗೇ ಜ್ವರ. ಎರಡನೆಯ ಚಿತ್ರದಲ್ಲಿ ಎರಡೂ ಶ್ವಾಸಕೋಶದ ತುಂಬ ಹತ್ತಿ ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದವು.

ಅವನ ಶ್ವಾಸಕೋಶದಿಂದ ತೆಗೆದ ದ್ರವದ ಒಂದು ಭಾಗ ಸುಮನಾಳ ಮೇಜಿಗೆ ಬಂತು. ಬೂಷ್ಟಿನ ಎಳೆಗಳು ಕವಲೊಡೆದು ಹಬ್ಬಿದ್ದವು. ಅವನ ಬಿಳಿ ಕಣಗಳು ಅವುಗಳ ಸುತ್ತ ಮುತ್ತಿಕೊಂಡಿದ್ದವು. ಲೆಕ್ಕವಿಲ್ಲದಷ್ಟು ಬಂದಿದ್ದವು. ಕರೆ ಕೇಳಿಸಿದೆ, ದಾರಿ ತಪ್ಪಿಲ್ಲ, ಎಳೆಯನ್ನು ಅಪ್ಪಿ ಹಿಡಿದಿವೆ. ಮುಂದೆ ಮಾಡಬೇಕಾದ್ದು ಒಂದೇ ಕೆಲಸ, ಅದು ಅವುಗಳಿಗೆ ಬರುವುದಿಲ್ಲ. ಕೊಲ್ಲಲಾರದೆ ಇನ್ನಷ್ಟು ಕಣಗಳನ್ನು ಕರೆಯುತ್ತಿವೆ, ಬಂದವು ಅಲ್ಲೇ ಸಾಯುತ್ತಿವೆ, ಆ ಹೆಣಗಳ ರಾಶಿಯೇ ಹುಡುಗನ ಉಸಿರು ಕಟ್ಟಿಸುತ್ತಿದೆ. ಸುಮನಾ ಇದನ್ನು ಎಷ್ಟೋ ಸಲ ಬರೆದಿದ್ದಳು, ಸಭೆಗಳಲ್ಲಿ ಚಿತ್ರ ತೋರಿಸಿ ವಿವರಿಸಿದ್ದಳು. ಈಗ ದೀಪ ಆರಿಸಿ ಹೊರಗೆ ಬಂದು, ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

ಬೂಷ್ಟು ಕೊಲ್ಲುವ ಔಷಧವನ್ನು ಡ್ರಿಪ್‌ನಲ್ಲಿ ಹಾಕಿದಾಗ ಪುನೀತ ಗಡಗಡ ನಡುಗುತ್ತಿದ್ದ. ಲತಾಮಣಿ ಮಂಚ ಹತ್ತಿ ಅವನನ್ನು ತಬ್ಬಿಕೊಂಡು ಮಲಗುತ್ತಿದ್ದಳು. ಜ್ವರ ಇಳಿಯಲಿಲ್ಲ.

"ಇನ್ನೊಂದು ದಾರಿ ಇದೆ" ಎಂದರು ಡಾ. ಇಸ್ಮತ್. "ಬೇರೆಯವರ ಬಿಳಿ ಕಣ ಕೊಡೋದು. ದಾನಿಯ ರಕ್ತದಿಂದ ಯಂತ್ರದಲ್ಲಿ ಅವನ್ನಷ್ಟೇ ಬೇರೆ ಮಾಡಿ, ಉಳಿದದ್ದನ್ನ ದಾನಿಗೇ ವಾಪಸ್ ಕೊಟ್ಟು. ಕೆಲವು ಸಲ ಕೆಲಸ ಮಾಡಿದೆ."

ಜಯಕುಮಾರನ ರಕ್ತದ ಗುಂಪು ಹೊಂದಲಿಲ್ಲ. ಸುಮನಾಳದೂ ಹೊಂದಲಿಲ್ಲ. ಮುನಾವರ್‌ನದು ಹೊಂದಿತು. ಅವನು ಫ್ಯಾಕ್ಟರಿಗೆ ರಜೆ ಹಾಕಿ ಬಂದು, ಯಂತ್ರದ ಪಕ್ಕ ಗಂಟೆಗಟ್ಟಲೆ ಎರಡೂ ಕೈ ಚಾಚಿಕೊಂಡು ಮಲಗಿದ. ಎದ್ದ ಮೇಲೆ ತಲೆ ತಿರುಗಿ ಗೋಡೆ ಹಿಡಿದುಕೊಂಡ. "ನಾಳಿಕ್ಕೂ ಬತ್ತೀನಿ. ನಮ್ ಶಿಫ್ಟ್‌ನೋರ್ನೂ ಕರ್ಕಂಡ್ ಬತ್ತೀನಿ" ಎಂದ.

ಅವತ್ತು ಸಂಜೆ ಪುನೀತನ ಜ್ವರ ಇಳಿಯಿತು. ಕಣ್ಣು ಬಿಟ್ಟು, "ಮೊಸರನ್ನ" ಎಂದ. ಕೆಂಚಮ್ಮ ಊರಿಂದ ಬಂದಿದ್ದಳು. ಮೊಮ್ಮಗನ ಬಾಯಿಗೆ ಅವಳೇ ತುತ್ತು ಇಟ್ಟಳು.

ಸುಮನಾ ಅವನ ಬೆರಳಿನಿಂದ ಒಂದು ಹನಿ ತೆಗೆದುಕೊಂಡು ಲ್ಯಾಬಿಗೆ ಹೋದಳು. ಅದೇ ಗಾಜು, ಅದೇ ಹಳದಿ ದ್ರಾವಣ. ಬಿಳಿಚಿಕೊಂಡ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಕಣ ಕಂಡಿತು. ಆ ಹುಡುಗನ ರಕ್ತದಲ್ಲಿ ಅವಳು ನೀಲಿಯನ್ನು ಕಂಡದ್ದು ಅದೇ ಮೊದಲು. ಮುನಾವರ್‌ನ ಕಣಗಳು. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಲತಾಮಣಿಗೆ ಹೇಳಿದಳು.

"ಕೆಲಸ ಮಾಡ್ತಾ ಅವಾ ಅಕ್ಕಾ?"

"ಮಾಡ್ತಿವೆ."

"ಅಲ್ಲೇ ಇರ್ತವಾ?"

"ಅವುಗಳ ಆಯಸ್ಸು ಕಮ್ಮಿ. ಒಂದು ದಿನ, ಹೆಚ್ಚಂದ್ರೆ ಎರಡು. ಕೊಡ್ತಾನೇ ಇರ್ಬೇಕು."

ಮುನಾವರ್ ಹೇಳಿದಂತೆ ಗೆಳೆಯರನ್ನು ಕರೆತಂದ. ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಬಂದು ಅವರು ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಹೊಂದಿದವರು ಕೊಟ್ಟರು. ಪ್ರತಿ ಸಲ ಹುಡುಗ ಒಂದಿಷ್ಟು ಹೊತ್ತು ಚೇತರಿಸಿಕೊಳ್ಳುತ್ತಿದ್ದ. ಪ್ರತಿ ಸಲ ಆ ಹೊತ್ತು ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ಹೊರಗಿನ ಕಣಗಳು ಬಂದ ಕೂಡಲೇ ಅವನ ಉಸಿರಾಟ ಇನ್ನೂ ಕೆಡುತ್ತಿತ್ತು. ಡಾ. ಇಸ್ಮತ್ ನಿಲ್ಲಿಸಿದರು. ಬೆಂಚಿನ ಮೇಲೆ ಇನ್ನೂ ಇಬ್ಬರು ಅಂಗಿಯ ತೋಳು ಮಡಚಿಕೊಂಡು ಕೂತಿದ್ದರು. ಅವರಿಗೆ ಹೋಗಿ ಎಂದು ಹೇಳುವ ಕೆಲಸ ಸುಮನಾಳ ಪಾಲಿಗೆ ಬಂತು.

"ಸಾಕಾ ಮೇಡಂ? ಉಷಾರಾದ್ನಾ?" ಎಂದು ಒಬ್ಬ ಕೇಳಿದ.

ಪುನೀತ ಒಂದು ಮಧ್ಯಾಹ್ನ ತೀರಿಕೊಂಡ. ಲತಾಮಣಿ ಅವನ ಪಕ್ಕದಲ್ಲೇ ಮಲಗಿದ್ದಳು. ಜಯಕುಮಾರ್ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ. ಕೆಂಚಮ್ಮ ಅಳಲಿಲ್ಲ. ಹೊರಗೆ ಬಂದು ಗೋಡೆಗೆ ತಲೆ ಆನಿಸಿ, "ಎರಡ್ನೇ ಸಲ" ಎಂದಳು. ಅಷ್ಟೇ. ಅವರು ಅವನನ್ನು ಊರಿಗೆ ಕೊಂಡುಹೋಗಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅವನನ್ನು ಅಷ್ಟು ದಿನ ಯಾವುದರಿಂದ ದೂರವಿಟ್ಟಿದ್ದರೋ ಆ ಮಣ್ಣನ್ನೇ ಕೈಯಲ್ಲಿ ಹಿಡಿದು ಹಾಕುವಾಗ ಜಯಕುಮಾರನ ಕೈ ಮೇಲೇಳಲಿಲ್ಲ. ಮುನಾವರ್ ಅವನ ಮಣಿಕಟ್ಟು ಹಿಡಿದು ಹಾಕಿಸಿದ.

ಸುಮನಾ ತನ್ನ ಪ್ರಬಂಧ ಮುಗಿಸುವುದನ್ನು ಮುಂದೂಡಿದಳು. ಪ್ರೊಫೆಸರ್ ಒತ್ತಾಯಿಸಲಿಲ್ಲ. ರಾಮನಗರಕ್ಕೆ ಹೋಗುವ ಶನಿವಾರಗಳಲ್ಲಿ ಬಿಡದಿ ಬಂದಾಗ ಅವಳು ಆಚೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ಲತಾಮಣಿ ಯಾರಿಗೂ ಹೇಳದೆ ಲ್ಯಾಬಿಗೆ ಬಂದಳು. ಜೊತೆಗೆ ನವ್ಯಶ್ರೀ ಇದ್ದಳು. ಕನಕಪುರದ ಕಡೆಯ ಒಂದು ಮನೆಯಿಂದ ಅವಳನ್ನು ಕೇಳುತ್ತಿದ್ದರಂತೆ.

"ಇವಳ್ದೂ ನೋಡ್ಬುಡಿ ಅಕ್ಕಾ" ಎಂದಳು ಲತಾಮಣಿ. ಮೈ ಅರ್ಧಕ್ಕೆ ಇಳಿದಿತ್ತು. "ಅವ್ವಂಗೆ ಏಳಿಲ್ಲ. ಇರೋದು ಇದ್ರೆ ಮದ್ವೆಗೆ ಮುಂಚೆ ಗೊತ್ತಾಗ್ಲಿ."

"ನವ್ಯಾ, ನಿನಗೆ ಇಷ್ಟ ಇದೆಯಾ? ಬೇಡ ಅಂದ್ರೆ ತಿಳ್ಕೊಳ್ದೇನೂ ಇರ್ಬೋದು" ಎಂದಳು ಸುಮನಾ.

ನವ್ಯಶ್ರೀ ಅಕ್ಕನ ಮುಖ ನೋಡಿ ತೋಳು ಚಾಚಿದಳು.

ಅವರಿಬ್ಬರೂ ಹೊರಗೆ ಕಾದರು. ಸುಮನಾ ಪಟ್ಟಿಯನ್ನು ತುದಿಯಿಂದ ತುದಿಗೆ ಸರಿಸಿದಳು, ಮತ್ತೆ ಹಿಂದಕ್ಕೆ ಸರಿಸಿದಳು. ಇನ್ನೊಂದು ಪಟ್ಟಿ ಮಾಡಿ ನೋಡಿದಳು. ಎಲ್ಲ ಕಣಗಳೂ ನೀಲಿಯಾಗಿದ್ದವು. ನವ್ಯಶ್ರೀಗೆ ತಾಯಿಯ ದೋಷ ಬಂದಿರಲಿಲ್ಲ.

ಹೊರಗೆ ಬಂದು ಹೇಳಿದಾಗ ಲತಾಮಣಿ ಎರಡೂ ಕೈಯಿಂದ ತಂಗಿಯ ಮುಖ ಹಿಡಿದುಕೊಂಡಳು. "ಸದ್ಯ. ಸದ್ಯ ಕಣೇ" ಎಂದಳು. ನಗುತ್ತಿದ್ದಳು. ನವ್ಯಶ್ರೀ ಮಾತ್ರ ತಲೆ ಎತ್ತಲಿಲ್ಲ. ಅಕ್ಕನ ಎದುರು ಏನು ಮಾಡಬೇಕೆಂದು ತಿಳಿಯದೆ, ರಕ್ತ ತೆಗೆದ ಜಾಗದ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನೀರು ಕುಡಿದು ಬರುತ್ತೇನೆಂದು ಹೋದವಳು ಬೇಗ ಬರಲಿಲ್ಲ.

ಲತಾಮಣಿ ಮೆಟ್ಟಿಲ ಮೇಲೆ ಕೂತಳು. ಸುಮನಾ ಪಕ್ಕದಲ್ಲಿ ಕೂತಳು.

"ಒಂದೇ ಒಟ್ಟೇಲಿ ಉಟ್ಟೋರು ಅಕ್ಕಾ ನಾವು. ಅವಳ್ಗೆ ಬರಲಿಲ್ಲ, ನಂಗ್ಯಾಕೆ ಬಂತು?"

ತಾಯಿಯ ಎರಡು ಪ್ರತಿಗಳಲ್ಲಿ ಯಾವುದು ಯಾವ ಮಗುವಿಗೆ ಹೋಗುತ್ತದೆ ಅನ್ನುವುದಕ್ಕೆ ಕಾರಣವೇ ಇಲ್ಲ ಎಂದು ಸುಮನಾಗೆ ಗೊತ್ತಿತ್ತು. ಅದನ್ನು ತರಗತಿಯಲ್ಲಿ ಹೇಳುವ ರೀತಿಯೂ ಗೊತ್ತಿತ್ತು. ಲತಾಮಣಿ ಅವಳ ಮುಖವನ್ನೇ ನೋಡುತ್ತಿದ್ದಳು, ಅಷ್ಟು ದಿನ ಏನು ಕೇಳಿದರೂ ಇವಳ ಹತ್ತಿರ ಒಂದು ಉತ್ತರ ಇದ್ದೇ ಇರುತ್ತದೆ ಎಂದು ನಂಬಿದ್ದ ಹಾಗೆ.

"ಗೊತ್ತಿಲ್ಲ ಲತಾ" ಎಂದಳು ಸುಮನಾ.

ಲತಾಮಣಿ ತಲೆಯಾಡಿಸಿದಳು. ನವ್ಯಶ್ರೀ ಕಣ್ಣು ಒರೆಸಿಕೊಂಡು ಬಂದಳು. ಮಾಗಡಿಯ ಬಸ್ಸಿಗೆ ಹೊತ್ತಾಗಿತ್ತು. ಮೂವರೂ ಎದ್ದು ನಿಲ್ದಾಣದ ಕಡೆ ನಡೆದರು. ಬಸ್ಸು ಹತ್ತುವಾಗ ಲತಾಮಣಿ ತಂಗಿಯನ್ನು ಕಿಟಕಿಯ ಪಕ್ಕ ಕೂರಿಸಿದಳು, ಧೂಳು ಬರುತ್ತದೆ ಎಂದು ಗಾಜು ಎಳೆದಳು.